ತೊಂಬತ್ನಾಲ್ಕು ಪರ್ಸೆಂಟ್

ಜಸಿಂತಾ, ನೈಟ್ ಡ್ಯೂಟಿ ಮುಗಿಸಿ ಬಂದವಳು
ಯೂನಿಫಾರಂ ಕೂಡ ಬಿಚ್ಚದೆ ಟೀವಿ ಮುಂದೆ ಕೂರುತ್ತೀಯ.
ಸಾಲಗಾಮೆ ರಸ್ತೆಯಲ್ಲಿ ಮೊದಲ ಬಸ್ಸು ಕೆಮ್ಮುತ್ತದೆ.
ಪರದೆಯ ತುಂಬ ಹಿಮ,
ಹಾಸನದಲ್ಲಿ ಯಾರೂ ಕಾಣದಷ್ಟು ಹಿಮ.

ಒಬ್ಬಳದು ಬಿಲ್ಲು, ಇನ್ನೊಬ್ಬಳದು ಸುತ್ತಿಗೆ.
ಮೂರನೇ ಅಧ್ಯಾಯದಲ್ಲಿ, ಹೊಳೆಯ ದಂಡೆಯಲ್ಲಿ,
ಇಬ್ಬರ ತುಟಿ ಇನ್ನೇನು ತಾಗಬೇಕು
ಕ್ಯಾಮೆರಾ ನಾಚಿ ಚಂದ್ರನ ಕಡೆ ತಿರುಗಿತು.
ರಾಜ ರಾಣಿಯರ ಕೋಣೆಯಲ್ಲಿ
ಇದೇ ಕ್ಯಾಮೆರಾಕ್ಕೆ ಯಾವ ನಾಚಿಕೆಯೂ ಇರಲಿಲ್ಲ.
ನೀನು ನಕ್ಕೆ. ಆದರೂ
ಆ ಅರ್ಧ ಸೆಕೆಂಡನ್ನು
ಹಿಂದೆ ಮುಂದೆ ಎಳೆದು ಆರು ಸಲ ನೋಡಿದೆ.

ಹೊಳೆನರಸೀಪುರದ ಸೈಬರ್ ಅಂಗಡಿಯಲ್ಲಿ
ಗಂಟೆಗೆ ಹದಿನೈದು ರೂಪಾಯಿ ಕೊಟ್ಟು
ನಾನು ಆಡುತ್ತಿದ್ದ ಆಟದಲ್ಲಿ ಒಬ್ಬನಿದ್ದ:
ತುಟಿಗೆ ಬಣ್ಣ, ಸೊಂಟದ ಮೇಲೆ ಕೈ, ಕೀರಲು ನಗು.
ಒದ್ದರೆ ಐವತ್ತು ಪಾಯಿಂಟು.
ಅವನು ಏನೂ ಮಾಡಿರಲಿಲ್ಲ,
ದಾರಿಯಲ್ಲಿ ನಿಂತಿದ್ದ ಅಷ್ಟೆ.
ನಾನೂ ಒದ್ದೆ.
ಹಿಂದಿನ ಬೆಂಚಿನ ಹುಡುಗರು ಚಪ್ಪಾಳೆ ತಟ್ಟಿದರು.
ಅಂಗಡಿ ಮುಚ್ಚಿ ಈಗ ಬೇಕರಿಯಾಗಿದೆ.
ಆ ಐವತ್ತು ಇನ್ನೂ ನನ್ನ ಲೆಕ್ಕದಲ್ಲೇ ಇರಬೇಕು.

ಯಾರಾದರೂ ಮಾತಾಡಿಸಿದರೆ ನಮ್ಮ ಆಟ
ಮೂರು ಉತ್ತರ ತೋರಿಸಿ ಕಾಯುತ್ತದೆ,
ಒಂದನ್ನು ಒತ್ತಬೇಕು.
ಮನೆ ಓನರ್ ನಿಂಗಾಜಮ್ಮ ಬಾಡಿಗೆಗೆ ಬಂದು
ಒಂದೇ ಮಂಚವನ್ನು ನೋಡಿ
‘ನೀವಿಬ್ರೂ ಏನಾಗ್ಬೇಕವ್ವಾ?’ ಎಂದಾಗಲೂ ಮೂರೇ ಇದ್ದವು.
ಒಂದೇ ಕಾಲೇಜು.
ಒಂದೇ ವಾರ್ಡು.
ಆಲೂಗಡ್ಡೆ ಎಷ್ಟಕ್ಕೆ ಹೋಯ್ತಜ್ಜಿ ಈ ಸಲ?
ನೀನು ಮೂರನೆಯದನ್ನು ಒತ್ತಿದೆ.
ಅಜ್ಜಿ ಅರ್ಧ ಗಂಟೆ ದಲ್ಲಾಳಿಗಳನ್ನು ಬೈದು,
ಹೋಗುವಾಗ ಎರಡು ಕೇಜಿ ಇಟ್ಟು ಹೋದಳು.

ಆಟ ಕೊಟ್ಟವನು ಅವಳ ಮೊಮ್ಮಗ ಲಿಖಿತ, ಎಂಟನೇ ಕ್ಲಾಸು.
‘ಅಕ್ಕಾ, ಎಷ್ಟ್ ಸಲ ಆಡಿದ್ರೂ ಅಷ್ಟೇ,
ಬಿಲ್ಲಿನೋಳು ಸಾಯ್ಲೇಬೇಕು. ಕಥೇನೇ ಹಂಗಿರೋದು.’
ಹೌದು. ಕೋಟೆ ಬಾಗಿಲಲ್ಲಿ, ಯಾರದೋ ಬಾಣ.
ಎಡಗಡೆ ಹೋದೆವು, ಸತ್ತಳು.
ಗುರಾಣಿ ಕೊಂಡೆವು, ಸತ್ತಳು.
ಹತ್ತು ಸಲ.
ಸುತ್ತಿಗೆಯವಳಿಗೆ ಅಳಲು ಒಂದೇ ಸಾಲು:
ಅವಳು ಒಳ್ಳೆಯ ಸ್ನೇಹಿತೆಯಾಗಿದ್ದಳು.
ಆಮೇಲೆ ರಾಜನಿಗೆ ಪಟ್ಟಾಭಿಷೇಕ, ಪಟಾಕಿ.

ಪ್ರತಿ ಸಲವೂ ನನ್ನ ಅಂಗೈ
ತಾನಾಗಿ ಒಂದರ ಮೇಲೊಂದು ಕೂರುತ್ತದೆ,
ಗಾಳಿಯಲ್ಲಿ ಎದೆಮೂಳೆ ಹುಡುಕುತ್ತದೆ.
ಮೂವತ್ತು ಒತ್ತು, ಎರಡು ಉಸಿರು.
ಈ ರಿಮೋಟಿನಲ್ಲಿ ಕೊಲ್ಲಲು ನಾಲ್ಕು ಗುಂಡಿ.
ಬದುಕಿಸಲು?
ತಿರುಗಿಸಿ ನೋಡಿದೆ. ಹಿಂದೆ ಬರೀ ಬ್ಯಾಟರಿ.

ನಿನಗೆ ಹೇಳಿರಲಿಲ್ಲ.
ಹೋದ ತಿಂಗಳು ಐಸಿಯು ಹೊರಗೆ
ದುದ್ದದ ಕಡೆಯ ಹೆಂಗಸೊಬ್ಬಳು ಎರಡು ರಾತ್ರಿ ನಿಂತಿದ್ದಳು.
ಫಾರಮ್ಮಿನಲ್ಲಿ ‘ರೋಗಿಗೆ ಸಂಬಂಧ’ ಎಂಬಲ್ಲಿ
ಪೆನ್ನು ಇಟ್ಟಳು, ಎತ್ತಿದಳು, ಮತ್ತೆ ಇಟ್ಟಳು,
ಒಂದು ಚುಕ್ಕೆ ಮಾತ್ರ ಮೂಡಿತು.
ನಾನು ಪೆನ್ನು ಇಸಿದುಕೊಂಡು
ಆ ಚುಕ್ಕೆಯ ಮೇಲೆಯೇ ‘ತಂಗಿ’ ಎಂದು ಬರೆದೆ.
ಬಾಗಿಲು ತೆರೆಯಿತು.
ಕಳ್ಳ ಬೀಗದ ಕೈಯೂ ಬೀಗದ ಕೈಯೇ.

ಹನ್ನೊಂದನೇ ಸಲ ನೀನು ಕೋಟೆಗೆ ಹೋಗಲಿಲ್ಲ.
ಸೈನ್ಯ ಕಾಯುತ್ತಿತ್ತು, ನಗಾರಿ ಬಾರಿಸುತ್ತಿತ್ತು,
ಪರದೆಯ ಮೂಲೆಯ ಬಾಣದ ಗುರುತು ಹೋಗು ಹೋಗು ಎಂದು ಮಿನುಗಿತು.
ನೀನು ಇಬ್ಬರನ್ನೂ ತಿರುಗಿಸಿ
ಬಂದ ದಾರಿಯಲ್ಲೇ ನಡೆಸಿ
ಅದೇ ಹೊಳೆಯ ದಂಡೆಗೆ ತಂದು ಕೂರಿಸಿದೆ.
ಬೆಂಕಿ ಹಾಕಿದೆ. ಮೀನು ಸುಡಲು ಇಟ್ಟೆ.
ಸೇವ್ ಮಾಡಿದೆ.

‘ತೊಂಬತ್ನಾಲ್ಕು ಪರ್ಸೆಂಟಿಗೇ ಬಿಟ್ಬಿಟ್ರಲ್ಲಕ್ಕಾ!’
ಲಿಖಿತನಿಗೆ ಹೊಟ್ಟೆಯುರಿ. ‘ರಾಜ ಏನಾಗ್ಬೇಕು?’

ಆಗಲಿ ಬಿಡು ಏನಾದರೂ.
ಕುಕ್ಕರಿನಲ್ಲಿ ಅಜ್ಜಿಯ ಆಲೂಗಡ್ಡೆ ಇಟ್ಟಿದ್ದೇನೆ.
ಎರಡು ಕೂಗಿಗೆ ಇಳಿಸಬೇಕು,
ಮೂರಾದರೆ ಹಿಟ್ಟಾಗುತ್ತದೆ.